ಮೂರನೆಯ ಸಾಲು

ಅದೇ ಬಾಡಿಗೆ ಮನೆ, ಮೂರನೆಯ ಮಹಡಿ
ಮಂಗಳವಾರ, ಮಾರ್ಚ್ 11, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಬಲಮೊಣಕಾಲಿನ ನೋವು ಹೇಗಿದೆ? ಹಾಸ್ಟೆಲ್ಲಿನ ಮೆಟ್ಟಿಲುಗಳನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಏನೋ. ಅಷ್ಟೊಂದು ಹುಡುಗಿಯರಿಗೆ ವಾರ್ಡನ್ ಆಗಿರುವವಳು ಒಂದು ಸೀಟಿ ಊದಿ ಎಲ್ಲರನ್ನೂ ಕೆಳಕ್ಕೆ ಕರೆಸಿಕೊಳ್ಳಬಾರದೇ? ನೀನು ಹಾಗೆ ಮಾಡುವವಳಲ್ಲ, ಗೊತ್ತು. ಒಂದೊಂದೇ ಬಾಗಿಲು ತಟ್ಟಿ, ಯಾರಿಗೆ ಜ್ವರ, ಯಾರು ಮುನಿಸಿಕೊಂಡು ಊಟ ಬಿಟ್ಟಿದ್ದಾರೆ ಎಂದು ನೋಡದಿದ್ದರೆ ನಿನಗೆ ಸಮಾಧಾನವಿಲ್ಲ. ಅಮ್ಮನನ್ನು ಏಳು ವರ್ಷ ನೋಡಿಕೊಂಡ ಅಭ್ಯಾಸ ಅಷ್ಟು ಸುಲಭಕ್ಕೆ ಹೋದೀತೇ. ಮುಲಾಮು ಹಚ್ಚಿಕೋ, ಸಸಾರ ಮಾಡಬೇಡ. ನಾನು ಇಲ್ಲಿ ಕ್ಷೇಮ ಎಂದು ಬರೆದು ಹೊಡೆದುಹಾಕಿದ್ದೇನೆ. ಈ ಪುಟದ ತಲೆಯಲ್ಲಿ ಮಸಿ ಮೆತ್ತಿಕೊಂಡಿದೆಯಲ್ಲ, ಅದೇ.

ಫೋನು ಮಾಡುವುದು ಬಿಟ್ಟು ಇವಳಿಗೆ ಕಾಗದದ ಉಸಾಬರಿ ಏಕೆ ಎಂದು ಹುಬ್ಬೇರಿಸುತ್ತಿರುತ್ತೀಯ. ಫೋನಿನಲ್ಲಿ ನೀನು ನನ್ನ ಜೊತೆ 'ಹೂಂ', 'ಉಹೂಂ' ಬಿಟ್ಟು ಬೇರೆ ಮಾತಾಡಿ ನಾಲ್ಕು ವರ್ಷವಾಯಿತು. ತಪ್ಪು ನಿನ್ನದಲ್ಲ. ನಾನು ಊರೂರು ಸುತ್ತಿ ಗಿಟಾರು ನುಡಿಸುತ್ತಿದ್ದಾಗ, ನೀನು ಅಮ್ಮನ ಪಾಡನ್ನು ಫೋನಿನಲ್ಲಿ ಹೇಳಿಕೊಂಡು ಹಗುರಾಗುತ್ತಿದ್ದೆ. ನಾನು ಇತ್ತ ಕಡೆ ಅದನ್ನು ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದೆ. ಹಾಗೆ ಗೀಚಿದ್ದು ಹಾಡಾಯಿತು, ಹಾಡಿನಿಂದ ನನಗೆ ಹೆಸರಾಯಿತು. ಅಮ್ಮ ತೀರಿಕೊಂಡ ವಾರ ಅವಳ ಸ್ವೆಟರುಗಳನ್ನು ಮಡಿಸುತ್ತ, ನನ್ನ ಕಡೆ ತಿರುಗದೆಯೇ ನೀನು ಹೇಳಿದೆ: 'ನೀನು ಅಮ್ಮನ ಮೇಲೆ ಹಾಡು ಬರ್ದೆ. ನಾನು ಅಮ್ಮನ ಬಟ್ಟೆ ಒಗ್ದೆ.' ಆದರೂ ನಿನಗೇ ಬರೆಯುತ್ತಿದ್ದೇನೆ. ಈ ವಿಷಯ ಬೇರೆ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಮೊದಲು ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಹೇಳುತ್ತೇನೆ, ಸಹಿಸಿಕೋ, ಕಾರಣವಿದೆ. ನನ್ನ ಮೊದಲ ಗಿಟಾರು ಬಂದದ್ದು ಹದಿನೈದನೆಯ ವಯಸ್ಸಿಗೆ, ಮೇಲಿನ ಮನೆಯ ಡ್ರೈವರ್ ಮಾಮ ಮನೆ ಖಾಲಿ ಮಾಡುವಾಗ ಬಿಟ್ಟುಹೋದದ್ದು. ಐದೇ ತಂತಿ. ಆರನೆಯದಕ್ಕೆ ಅಮ್ಮ ತಾನು ಆಪರೇಟರಾಗಿದ್ದ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಒಂದು ತುಂಡು ತಂತಿ ತಂದು ಕಟ್ಟಿದಳು, ಅದು ಎರಡನೆಯ ದಿನವೇ ಕಿತ್ತು ನನ್ನ ಕೆನ್ನೆಗೆ ಬಾರಿಸಿತು. ರೇಡಿಯೋದಲ್ಲಿ ಅಮೆರಿಕದ ಬ್ಲೂಸ್ ಹಾಡುಗಳನ್ನು ಕೇಳಿ ಹುಚ್ಚು ಹಿಡಿಸಿಕೊಂಡೆ. ನೀನು ಪರೀಕ್ಷೆಗೆ ಓದುತ್ತಿದ್ದೆ, ನಾನು ಪಕ್ಕದಲ್ಲಿ ಕುಳಿತು ಒಂದೇ ಸಾಲನ್ನು ಅರೆಯುತ್ತಿದ್ದೆ. 'ಹಾಡಿದ್ದೇ ಹಾಡೋ ಕಿಸಬಾಯಿದಾಸ, ಬಾಯ್ಮುಚ್ಚೇ ಸಾಕು' ಎಂದು ನೀನು ದಿಂಬು ಎಸೆದೆ. ಅಂದಿನಿಂದ ನಾನು ನಿನಗೆ ಕಿಸಬಾಯಿ. ಆಮೇಲೆ ನಾಲ್ಕು ವರ್ಷ ಹೋಟೆಲಿನ ಲಾಬಿಯಲ್ಲಿ ನುಡಿಸಿದೆ, ಅಲ್ಲಿನ ಜನ ನನಗಿಂತ ಲಿಫ್ಟಿನ ಗಂಟೆಯನ್ನು ಗಮನವಿಟ್ಟು ಕೇಳುತ್ತಿದ್ದರು. ಹನ್ನೆರಡು ವರ್ಷ ಒಬ್ಬ ದೊಡ್ಡ ಗಾಯಕರ ಬೆನ್ನ ಹಿಂದೆ ನಿಂತು ನುಡಿಸಿದೆ, ಅವರ ಮುಖಕ್ಕಿಂತ ಅವರ ಕೋಟಿನ ಹೊಲಿಗೆಯೇ ನನಗೆ ಚೆನ್ನಾಗಿ ಪರಿಚಯ. ನಾನೇ ಹಾಡು ಬರೆದು ಹಾಡುತ್ತೇನೆ ಎಂದಾಗ 'ಈ ವಯಸ್ಸಲ್ಲಿ ಯಾರು ಕೇಳ್ತಾರೆ' ಎಂದು ನಕ್ಕವರೇ ಎಲ್ಲ. ನಲವತ್ತೈದಕ್ಕೆ ಮೊದಲ ಆಲ್ಬಮ್ ಬಂತು. ಅದರಲ್ಲಿ ಹತ್ತು ಹಾಡು. ಒಂಬತ್ತು ನನ್ನವು, ಹತ್ತನೆಯದು ನಿನ್ನದು ಮತ್ತು ಅಮ್ಮನದು. ಜನ ಹಿಡಿದುಕೊಂಡದ್ದು ಹತ್ತನೆಯದನ್ನೇ. ನೋಡು, ಎಲ್ಲ ಸರಿಯಾಗಿ ನೆನಪಿದೆ ತಾನೆ? ಎಲ್ಲಾದರೂ ತಪ್ಪಿದ್ದರೆ ತಿದ್ದು. ದಯವಿಟ್ಟು ತಿದ್ದು.

ಬ್ಲೂಸಿನ ಕಟ್ಟನ್ನು ನಿನಗೆ ನೂರು ಸಲ ಹೇಳಿದ್ದೇನೆ, ನೂರು ಸಲವೂ ಆಕಳಿಸಿದ್ದೀಯ. ಮೊದಲ ಸಾಲು ಹಾಡಬೇಕು, ಅದನ್ನೇ ಇನ್ನೊಮ್ಮೆ ಹಾಡಬೇಕು, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡಬೇಕು, ನಡುವೆ ಗಿಟಾರು ಮಾತಾಡುತ್ತದೆ. ಒಂದು ಸಂಜೆ ನೀನು ಫೋನಿನಲ್ಲಿ ಹೇಳಿದೆಯಲ್ಲ, ಅಮ್ಮ ಮನೆಯೊಳಗೇ ನಿಂತು 'ನಮ್ಮನೆ ಬಾಗಿಲು ಯಾವ್ದೇ' ಎಂದು ಕೇಳಿದಳು, ನೀನು ಅವಳ ಕೈ ಹಿಡಿದುಕೊಂಡು ಒಂದು ಮಾತು ಹೇಳಿದೆ ಎಂದು. ಅಮ್ಮನ ಪ್ರಶ್ನೆ ನನಗೆ ಮೊದಲ ಸಾಲಾಯಿತು, ಎರಡು ಸಲ. ನಿನ್ನ ಉತ್ತರ ಮೂರನೆಯ ಸಾಲು. ಅದು ನಿನ್ನದೇ ಮಾತು, ನಿನಗೆ ಗೊತ್ತೇ ಇದೆ, ಇಲ್ಲಿ ಮತ್ತೆ ಬರೆಯುವುದೇಕೆ.

ಕಳೆದ ತಿಂಗಳ ಮೊದಲ ಶನಿವಾರ ಸಂಜೆ ಒಂದು ಕಾರ್ಯಕ್ರಮವಿತ್ತು. ಹಳೆಯ ಸಿನಿಮಾ ಮಂದಿರವನ್ನು ಸಭಾಂಗಣ ಮಾಡಿದ್ದಾರೆ, ಆರುನೂರು ಕುರ್ಚಿ, ಎಲ್ಲ ಭರ್ತಿ. ಕೊನೆಯಲ್ಲಿ ಈ ಹಾಡು ಹಿಡಿದೆ. ಮೊದಲ ಸಾಲು ಹಾಡಿದೆ. ಅದನ್ನೇ ಇನ್ನೊಮ್ಮೆ ಹಾಡಿದೆ. ಮೂರನೆಯದಕ್ಕೆ ಬಾಯಿ ತೆರೆದರೆ ಏನೂ ಇಲ್ಲ. ಸಾಮಾನ್ಯವಾಗಿ ಮರೆತ ಮಾತು ನಾಲಿಗೆಯ ತುದಿಯಲ್ಲಾದರೂ ಇರುತ್ತದೆ. ಇದು ಹಾಗಲ್ಲ ಅಕ್ಕಾ. ಬಟ್ಟೆ ತೆಗೆಯೋಣವೆಂದು ಬೀರು ತೆರೆದರೆ ಒಳಗೆ ಹಲಗೆಗಳೂ ಇಲ್ಲದ ಹಾಗೆ. ಎಂಟು ವರ್ಷ ಹಾಡಿದ ಸಾಲು. ಹೆದರಿಕೆಯಿಂದ ಮೊದಲ ಸಾಲನ್ನೇ ಮತ್ತೆ ಹಾಡಿದೆ. ಮತ್ತೆ ಹಾಡಿದೆ. ಏಳನೆಯ ಸಲ ಕೂಗಿಯೇಬಿಟ್ಟೆ, ಯಾರನ್ನೋ ಸಹಾಯಕ್ಕೆ ಕರೆಯುವಂತೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎದುರಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಬಿಕ್ಕುತ್ತಿದ್ದಳು. ಪತ್ರಿಕೆಯ ವಿಮರ್ಶಕರು 'ಒಂದೇ ಸಾಲನ್ನು ಮರಳಿ ಮರಳಿ ಹಾಡಿ ಮರೆವಿನ ಆಳವನ್ನು ತೋರಿಸಿಕೊಟ್ಟರು' ಎಂದು ಬರೆದರು. ಅಯ್ಯೋ ಪುಣ್ಯಾತ್ಮ, ತೋರಿಸಲಿಲ್ಲಪ್ಪ, ಅದರೊಳಗೆ ಬಿದ್ದೆ! ಬೇರೆ ಯಾವ ಕಸುಬಿನಲ್ಲಾದರೂ ಹೇಳಿದ್ದನ್ನೇ ಏಳು ಸಲ ಹೇಳಿದರೆ ಕೈ ಹಿಡಿದು ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ನನ್ನ ಕಸುಬಿನಲ್ಲಿ ಹೂಗುಚ್ಛ ಕೊಡುತ್ತಾರೆ.

ಗೊತ್ತಾದದ್ದು ನಮ್ಮ 'ಕಂಬ'ನಿಗೆ ಮಾತ್ರ. ಬೇಸ್ ಗಿಟಾರು ನುಡಿಸುವವನು, ಹನ್ನೊಂದು ವರ್ಷದಿಂದ ನನ್ನ ಎಡಕ್ಕೆ ಅಲುಗಾಡದೆ ನಿಂತಿದ್ದಾನೆ, ಅದಕ್ಕೇ ಆ ಹೆಸರು. ಪರದೆಯ ಹಿಂದೆ ವೈರು ಸುತ್ತುತ್ತ ನನ್ನ ಮುಖ ನೋಡದೆ ಕೇಳಿದ, 'ಮೇಡಂ, ಅದು ಬೇಕಂತ ಮಾಡಿದ್ದಾ?' ನಾನು ನಿನ್ನ ಹಾಗೆ 'ಹೂಂ' ಎಂದೆ. 'ಸರಿ ಬಿಡಿ' ಎಂದ. ಮುಂದಿನ ಕಾರ್ಯಕ್ರಮಕ್ಕೆ ಹೋದಾಗ ನನ್ನ ಗಿಟಾರಿನ ಮೇಲಂಚಿನಲ್ಲಿ, ನಾನು ತಲೆ ತಗ್ಗಿಸಿದರೆ ಮಾತ್ರ ಕಾಣುವಂತೆ, ಒಂದು ಚೀಟಿ ಅಂಟಿತ್ತು. ಅವನ ಕಾಗೆಕಾಲು ಅಕ್ಷರದಲ್ಲಿ ಮೂರನೆಯ ಸಾಲು. ನಾಲ್ಕು ಕಾರ್ಯಕ್ರಮಗಳು ಆ ಚೀಟಿಯ ದಯೆಯಿಂದ ನಡೆದಿವೆ. ಈಗ ನೋಡಿದರೆ ಇದೇ 22ರ ಶನಿವಾರ ಕಂಪನಿಯವರು ಇಡೀ ಕಾರ್ಯಕ್ರಮವನ್ನು ಆಲ್ಬಮ್ಮಿಗಾಗಿ ರೆಕಾರ್ಡ್ ಮಾಡಿಕೊಳ್ಳುತ್ತಾರಂತೆ. ನನ್ನ ಮ್ಯಾನೇಜರ್ ಕುಣಿಯುತ್ತಿದ್ದಾಳೆ. 'ಅವತ್ತಿನ ಹಾಗೇ ಏಳು ಸಲ ಹಾಡಿ ಮೇಡಂ, ಜನ ಅದಕ್ಕೇ ಬರ್ತಿರೋದು' ಎನ್ನುತ್ತಾಳೆ. ಮರೆತಂತೆ ನಟಿಸಬೇಕಂತೆ. ನಟಿಸುತ್ತಿರುವಾಗ ನಿಜವಾಗಿಯೂ ಮರೆತರೆ ಯಾರಿಗೆ ಗೊತ್ತಾಗುತ್ತದೆ? ನನಗೇ ಗೊತ್ತಾಗದಿದ್ದರೆ?

ನನಗೆ ಭಯವಾಗುತ್ತಿದೆ ಅಕ್ಕಾ. ಸುತ್ತಿ ಬಳಸಿ ಹೇಳುವುದು ಬೇಡ, ತುಂಬ ಭಯವಾಗುತ್ತಿದೆ. ಬೆಳಿಗ್ಗೆ ಎದ್ದ ಕೂಡಲೇ ಇಂದು ಯಾವ ವಾರ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಹಲ್ಲುಜ್ಜುತ್ತ ಬಸ್ಸಿನ ಸ್ಟಾಪುಗಳನ್ನು ಒಂದೊಂದಾಗಿ ಹೇಳುತ್ತೇನೆ, ಒಂದು ತಪ್ಪಿದರೆ ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ಮೆಟ್ಟಿಲು ಹತ್ತಿ ಬರುತ್ತೇನೆ. ಕೆಳಗಿನ ಮನೆಯ ಬಡಗಿ 'ವ್ಯಾಯಾಮ ಜೋರು' ಎಂದು ನಗುತ್ತಾನೆ. ಒಂದು ಮಾತ್ರ ಧೈರ್ಯವಿತ್ತು, ಬೆರಳುಗಳು ಏನನ್ನೂ ಮರೆತಿಲ್ಲ. ತಂತಿಯ ಮೇಲೆ ಇಟ್ಟರೆ ಸಾಕು, ತಾವೇ ನಡೆಯುತ್ತವೆ. ಹೋದ ವಾರ ಅದನ್ನೇ ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದಾಗ ನೀನು ಹೇಳಿದ ಇನ್ನೊಂದು ಸಂಗತಿ ನೆನಪಾಯಿತು. ಕೊನೆಯ ವರ್ಷ ಅಮ್ಮನಿಗೆ ನಿನ್ನ ಹೆಸರೂ ಗೊತ್ತಿರಲಿಲ್ಲ. ಆದರೆ ಕುಳಿತಲ್ಲೇ ಗಾಳಿಯಲ್ಲಿ ಎಕ್ಸ್‌ಚೇಂಜಿನ ವೈರುಗಳನ್ನು ಕಿತ್ತು ಸರಿಯಾದ ತೂತಿಗೆ ಸಿಕ್ಕಿಸುತ್ತಿದ್ದಳು. ಅಂದರೆ ಕೈಗೆ ನೆನಪಿರುವುದರಿಂದ ಏನೂ ಆಗುವುದಿಲ್ಲ. ಗಿಟಾರನ್ನು ಪಕ್ಕಕ್ಕಿಟ್ಟು, ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕುಳಿತುಬಿಟ್ಟೆ.

ಡಾಕ್ಟರ ಬಳಿ ಎರಡು ಸಲ ಸಮಯ ತೆಗೆದುಕೊಂಡು ಎರಡು ಸಲವೂ ರದ್ದು ಮಾಡಿದ್ದೇನೆ. ಒಮ್ಮೆ ಗಂಟಲು ನೋವು ಎಂದೆ, ಒಮ್ಮೆ ರಿಹರ್ಸಲ್ ಎಂದೆ. ಇರುವ ನಿಜ ಹೇಳಲೇ? ಅವರು ಬರಿ ದಣಿವು ಎಂದರೆ ನಾನು ನಂಬುವುದಿಲ್ಲ, ಅಲ್ಲ ಎಂದರೆ ತಡೆದುಕೊಳ್ಳುವುದಿಲ್ಲ. ಅಮ್ಮನಿಗೆ ಅರವತ್ತನಾಲ್ಕಕ್ಕೆ ಶುರುವಾಯಿತು, ನನಗಿನ್ನೂ ಐವತ್ತಮೂರು ಎಂದು ಲೆಕ್ಕ ಹಾಕಿಕೊಂಡು ಧೈರ್ಯ ತಂದುಕೊಳ್ಳುತ್ತೇನೆ. ಆದರೆ ಅರವತ್ತನಾಲ್ಕಕ್ಕೆ ಅದು ನಮಗೆ ಗೊತ್ತಾಯಿತು, ಅಷ್ಟೇ ಅಲ್ಲವೇ? ಮುನ್ನೂರು ನಂಬರುಗಳನ್ನು ಬಾಯಿಪಾಠ ಇಟ್ಟುಕೊಂಡಿದ್ದ ಹೆಂಗಸು ಮೊದಲು ಮರೆತದ್ದು ಏನನ್ನು? ಒಲೆಯನ್ನೋ, ಬೀದಿಯನ್ನೋ, ನಿನ್ನ ಹುಟ್ಟುಹಬ್ಬವನ್ನೋ? ನೀನು ಹತ್ತಿರವಿದ್ದೆ, ನಿನಗೆ ಗೊತ್ತಿರುತ್ತದೆ. ನಾನು ಇದನ್ನು ನಿನ್ನನ್ನು ಒಂದು ಸಲವೂ ಕೇಳಲಿಲ್ಲ. ಹಾಡಿಗೆ ಬೇಕಾದದ್ದು ಸಿಕ್ಕಿದ ಕೂಡಲೇ ಫೋನು ಇಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೆ ನಿಜ. ಕಷ್ಟ ಬಂದಾಗ ನೆನಪಾಗುವ ಅಕ್ಕ ಎಂದು ನೀನು ಬೈದರೆ ಬೈಸಿಕೊಳ್ಳುತ್ತೇನೆ. ಪೂರ್ತಿ ಬೈ, 'ಉಹೂಂ' ಎಂದು ಮಾತ್ರ ಬಿಡಬೇಡ.

ಇನ್ನು ಸಾಕು. ನಿನ್ನ ಹುಡುಗಿಯರಿಗೆಲ್ಲ ನಾನು ಕೇಳಿದೆನೆಂದು ಹೇಳು. ಗಿಟಾರು ಕಲಿಯಬೇಕೆಂದು ಹಟ ಹಿಡಿದವಳೊಬ್ಬಳು ಇದ್ದಳಲ್ಲ, ಅವಳ ಮೇಲೆ ದಿಂಬು ಎಸೆಯಬೇಡ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ಬಲಮೊಣಕಾಲಿನ ನೋವು ಹೇಗಿದೆ? ಮುಲಾಮು ಹಚ್ಚಿಕೋ. ಇದನ್ನು ಮೊದಲ ಪುಟದಲ್ಲೇ ಕೇಳಿದ್ದೇನೆಂದು ಈಗ ತಿರುಗಿಸಿದಾಗ ಕಂಡಿತು. ಹೊಡೆದುಹಾಕುವುದಿಲ್ಲ, ನೀನೂ ನೋಡಲಿ ಎಂದು ಬಿಟ್ಟಿದ್ದೇನೆ.

ನಿನ್ನ ಸಿಟ್ಟು, ನಿನ್ನ ಅಕ್ಕರೆ ಎರಡನ್ನೂ ಬೇಡುವ
ನಿನ್ನ ತಂಗಿ,
ಕಿಸಬಾಯಿ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಹನ್ನೊಂದಕ್ಕೆ ಅಂಚೆ ಡಬ್ಬಿ ತೆಗೆಯುತ್ತಾರೆ. ಮೂರನೆಯ ಸಾಲು ನಿನಗೆ ಗೊತ್ತೇ ಇದೆ, ಬರೆಯುವುದೇಕೆ ಎಂದೆನಲ್ಲ, ಅದು ಸುಳ್ಳು. ಆಗ ನನಗೆ ಅದು ಬರಲಿಲ್ಲ. ಕಾಗದ ಮುಗಿಯುವುದರೊಳಗೆ ಬಂದೀತು ಎಂದು ಕಾದೆ, ಈಗಲೂ ಬಂದಿಲ್ಲ. ಚೀಟಿ ಪಕ್ಕದ ಕೋಣೆಯಲ್ಲಿ ಗಿಟಾರಿಗೇ ಅಂಟಿಕೊಂಡಿದೆ, ಆರು ಹೆಜ್ಜೆ. ಎದ್ದು ನೋಡಿಲ್ಲ. ಮೂರನೆಯ ಸಲ ಡಾಕ್ಟರ ಸಮಯ ತೆಗೆದುಕೊಂಡಿದ್ದೇನೆ, ಗುರುವಾರ 20, ಬೆಳಿಗ್ಗೆ ಹತ್ತೂವರೆ. ಒಬ್ಬಳೇ ಹೋಗಲಾರೆ. ನೀನು ಬಾ. ಬಾಗಿಲು ಯಾವುದೆಂದು ಅಮ್ಮ ಕೇಳಿದಾಗ ಅವಳ ಕೈ ಹಿಡಿದು ನೀನೇನು ಹೇಳಿದೆ ಅಕ್ಕಾ? ಬರೆದು ಕಳುಹಿಸಬೇಡ. ಬಂದು ನನಗೂ ಅದನ್ನೇ ಹೇಳು.