ಅಮ್ಮ ಹತ್ತುವ ಮೊದಲು

ಅಣ್ಣಾ,

ನಿನ್ನ ಮುದಿ ಬೈಕಿನ ಹಿಂಭಾಗ ಇವತ್ತೂ ಕುಸಿದು ಕೂತಿದೆ. ಹಿಂದಿನ ಶಾಕ್ ಅಬ್ಸಾರ್ಬರುಗಳಿಗೆ ಗಾಳಿ ತುಂಬುವ ಕಂಪ್ರೆಸರ್ ಮತ್ತೆ ಬಿಚ್ಚಬೇಡ, ಆ ಬಡಪಾಯಿಯದೇನೂ ತಪ್ಪಿಲ್ಲ. ಅದನ್ನು ಓಡಿಸಿಕೊಂಡೇ ಸೋರಿಕೆ ಹುಡುಕುತ್ತೀಯಲ್ಲ, ಆ ಗಲಾಟೆಯಲ್ಲಿ ದೇವರೇ ಬಂದು ಕೂಗಿದರೂ ನಿನಗೆ ಕೇಳಿಸದು. ನಾನು ಗಾಳಿ ತುಂಬಿಸಿ, ಆಫ್ ಮಾಡಿ, ಸುಮ್ಮನೆ ಕಿವಿಗೊಟ್ಟೆ. ಎಡಗಡೆ ಶಾಕಿಗೆ ಪೈಪು ಸೇರುವಲ್ಲಿ ಬುಸುಗುಡುತ್ತಿತ್ತು. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದವು. ಅಲ್ಲಿನ ರಬ್ಬರ್ ರಿಂಗು ಬದಲಿಸು. ಹೊಸದು ಟೀ ಪುಡಿ ಡಬ್ಬಿಯ ಮೇಲಿದೆ, ಅಲ್ಲಾದರೆ ನಿನ್ನ ಕಣ್ಣಿಗೆ ಬೀಳುತ್ತದೆ. ಗಾಳಿಯೆಲ್ಲ ಬಿಟ್ಟ ಮೇಲೇ ಪೈಪು ಕಳಚು.

ಅಮ್ಮನದು ಆಪರೇಷನ್ ಆದ ಬೆನ್ನು. ಅವಳೋ, "ನೋವಾದ್ರೂ ಬಾಯಿ ಬಿಡಲ್ಲ ಕಣೇ, ಅವನು ಒಂದು ರೌಂಡ್ ಕರ್ಕೊಂಡು ಹೋದ್ರೆ ಸಾಕು" ಅಂತಾಳೆ. ನೀನೂ ಕರಗುವವನೇ. ಅದಕ್ಕೇ ಅವಳ ಹೆಲ್ಮೆಟ್ಟನ್ನು ನನ್ನ ಜೊತೆ ಕೆಲಸಕ್ಕೆ ಕರೆದುಕೊಂಡು ಹೊರಟಿದ್ದೇನೆ.

ಪುಟ್ಟಿ