ಕತ್ತರಿ ಬೀಳುವ ಮುನ್ನ

ಆಸ್ಪತ್ರೆಯಿಂದ,
ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಗುಂಡಿಗೆ,

ಗಾಬರಿ ಬೇಡ, ಪಿತ್ತಕೋಶದ ಕಲ್ಲು ಅಷ್ಟೆ, ಗುರುವಾರ ತೆಗೆಯುತ್ತಾರೆ. "ಅವ್ರು ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕ್ಬೇಡ, ಅಪ್ಪಂಗೆ ಮಾಡಿದ್ದೇ ಸಾಕು" ಎಂದು ಫೋನಿನಲ್ಲಿ ರೇಗಿದೆಯಲ್ಲ, ಅದಕ್ಕೇ ಈ ಪತ್ರ. ಬಾಯಿಬಿಟ್ಟು ಹೇಳಲು ನನಗೆ ಧೈರ್ಯವಿಲ್ಲ.

ಇಲ್ಲಿ ಮಲಗಿದರೆ ನಮ್ಮ ಟೈಲರ್ ಅಂಗಡಿಯೇ ಕಣ್ಣ ಮುಂದೆ ಬರುತ್ತದೆ. ನೀನು ಮೇಜಿನ ಕೆಳಗೆ ಕೂತು ಗುಂಡಿ ಪೋಣಿಸುತ್ತಿದ್ದೆ. ಆ ಹೆಸರು ನಿನಗೆ ಅಂಟಿದ್ದೇ ಹಾಗೆ. ಅಪ್ಪ ರಾಗ ಎಳೆದು ಅಳತೆ ಕೂಗುತ್ತಿದ್ದರು, ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. "ಎದೆ ಮೂವತ್ತೆಂಟೂ..." ಎಂದರೆ ಎದುರು ಅಂಗಡಿಯ ಗಡಿಯಾರ ರಿಪೇರಿಯವನು "ಮೂವತ್ತೊಂಬತ್ತೂ..." ಎಂದು ಚುಡಾಯಿಸುತ್ತಿದ್ದ. ಗಿರಾಕಿ ತನಗೆ ಬೇಕಾದ್ದನ್ನು ತಾನೇ ತಿರುಗಿ ಹೇಳುವ ತನಕ ಅಪ್ಪ ಕತ್ತರಿ ಮುಟ್ಟುತ್ತಿರಲಿಲ್ಲ. ಬರೀ ತಲೆಯಾಡಿಸಿದರೆ ಬಿಡುತ್ತಿರಲಿಲ್ಲ. "ಕತ್ತರಿ ಬಿದ್ಮೇಲೆ ಬಟ್ಟೆ ನಿಮ್ ಮಾತೂ ಕೇಳಲ್ಲ, ನನ್ ಮಾತೂ ಕೇಳಲ್ಲ" ಎನ್ನುವರು. ಎಷ್ಟು ಚೆಂದದ ದಿನಗಳವು!

ಅವರ ಗಂಟಲಲ್ಲಿ ಗಡ್ಡೆಯಾದಾಗ ನಿನಗೆ ಹದಿನೈದು. ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಬಂದರು. ಅಪ್ಪ ಎಂದಿನಂತೆ "ಅವಳಿಗೆ ಹೇಳಿ, ಬರ್ಕೊಳ್ಳೋಳು ಅವಳೇ" ಎಂದು ನನ್ನತ್ತ ಕೈ ತೋರಿಸಿ ಕಣ್ಣು ಮುಚ್ಚಿದರು. ಡಾಕ್ಟರು ನನ್ನನ್ನು ಪಕ್ಕದ ಕೋಣೆಗೆ ಕರೆದು, ಧ್ವನಿಪೆಟ್ಟಿಗೆ ತೆಗೆಯಬೇಕಾಗುತ್ತದೆ ಎಂದರು. ಹೌದು ಗುಂಡಿ, ಹೇಳಿದರು. ಹೊಲಿಗೆ ಯಂತ್ರದ ಬಾಬಿನ್ ಕೇಸನ್ನು ವಾರಕ್ಕೊಮ್ಮೆ ತೆಗೆದು, ನೂಲಿನ ಕಸ ಒರೆಸಿ, ಮತ್ತೆ ಕೂರಿಸುತ್ತೇವಲ್ಲ, ಹಾಗೇ ಎಂದುಕೊಂಡೆ ನಾನು. ಅರ್ಥವಾಯಿತಾ ಎಂದು ಕೇಳಿದರು. ಅಷ್ಟು ಓದಿದವರ ಮುಂದೆ ದಡ್ಡಿ ಎನಿಸಿಕೊಳ್ಳಲು ನಾಚಿಕೆ. ತಲೆಯಾಡಿಸಿ ಸಹಿ ಹಾಕಿದೆ. ಅಳತೆ ಪುಸ್ತಕ ಚೀಲದಲ್ಲೇ ಇತ್ತು.

ಆಪರೇಷನ್ ಮುಗಿದು ಎಚ್ಚರವಾದ ಮೇಲೆ, ದನಿ ಹೋಗಿದ್ದ ಅಪ್ಪ ಸ್ಲೇಟಿನಲ್ಲಿ ಬರೆದರು, ಡಾಕ್ಟರು ಮೊದಲೇ ಹೇಳಿದ್ರಾ ಎಂದು. ಇಲ್ಲ ಎಂದೆ. ನೀನು ಅದನ್ನೇ ನಂಬಿ ಕಾರಿಡಾರಿನಲ್ಲಿ ಡಾಕ್ಟರ ಮೇಲೆ ಹರಿಹಾಯ್ದೆ, "ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದೆ. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಮುಂದಿನ ವಾರ್ಡಿಗೆ ನಡೆದರು.

ಗಡ್ಡೆ ಮತ್ತೆ ಬರಲಿಲ್ಲ. ಹನ್ನೊಂದು ವರ್ಷ ಅಪ್ಪ ಬೆರಳಿನಲ್ಲೇ ಅಳತೆ ತೋರಿಸಿದರು. ಗಡಿಯಾರದವನು ಚುಡಾಯಿಸುವುದನ್ನು ಬಿಟ್ಟ. ಅರ್ಥವಾಗಿದ್ದರೂ ಸಹಿ ಹಾಕುತ್ತಿದ್ದೆನೋ ಏನೋ. ಆದರೆ ಆ ಸಂಜೆ ಅವರಿಂದ ಇನ್ನೊಮ್ಮೆ ಅಳತೆ ಕೂಗಿಸಿ, ಕಿವಿ ತುಂಬ ಕೇಳುತ್ತಿದ್ದೆ.

ನೀನು ಬೈಯಬೇಕಾದ್ದು ಆ ಡಾಕ್ಟರನ್ನಲ್ಲ, ನನ್ನನ್ನು. ಬೈ, ಆದರೆ ಗುರುವಾರಕ್ಕೆ ಮುಂಚೆ ಬಂದು ಬೈ.

ನಿನ್ನ
ಅಮ್ಮ

ಹೇಳಲು ಮರೆತೆ: ಬೆಳಿಗ್ಗೆ ಇಲ್ಲಿಯ ಡಾಕ್ಟರಮ್ಮ ಕಾಗದ ತಂದರು. ನೀವು ಹೇಳಿದ್ದನ್ನು ತಿರುಗಿ ಹೇಳುತ್ತೇನೆ, ತಪ್ಪಿದರೆ ತಿದ್ದಿ ಎಂದೆ. ಮೂರು ಕಡೆ ತಪ್ಪು ಹೇಳಿದೆ. ಅವರು ಬೇಸರಿಸದೆ ಸ್ಟೂಲ್ ಎಳೆದು ಕೂತು, ಮೊದಲಿನಿಂದ ಹೇಳಿದರು. ಆಮೇಲೇ ಸಹಿ ಹಾಕಿದೆ. ಅವರು ಹೋದ ಮೇಲೆ ಬಹಳ ಅತ್ತೆ. ಅವತ್ತು ಅಪ್ಪನ ಡಾಕ್ಟರು ಕರೆದ ಕೋಣೆಯಲ್ಲೂ ಒಂದು ಸ್ಟೂಲ್ ಇತ್ತು, ಗುಂಡಿ.