ಕಟ್ಟೆಯ ಮೇಲಿನ ಬನ್ನಿ

ರಾಯಾಪುರ,
ದಸರೆಯ ಮರುದಿನ, ೧೯೬೬

ಪ್ರೀತಿಯ ಹುಲಗಪ್ಪಣ್ಣನಿಗೆ,

ಶೇವಂತಿಯ ನಮಸ್ಕಾರ. ಪುಣೆಯ ಹವೆಗೆ ನಿನ್ನ ಕೆಮ್ಮು ಹೇಗಿದೆ? ಆಶ್ರಮದ ಊಟ ಸೇರುತ್ತಿದೆಯೇ? ಅವ್ವನ ಮೊಣಕಾಲು ನೋವು ಇದ್ದ ಹಾಗೇ ಇದೆ. ಕುಶಲ ಇಷ್ಟು ಸಾಕು. ನನಗೆ ನಿನ್ನ ಮೇಲೆ ಕೆಟ್ಟ ಸಿಟ್ಟು ಬಂದಿದೆ.

ಅವ್ವನ ಹೆಸರಿಗೆ ಬಂದ ಪತ್ರವನ್ನು ಓದಿ ಹೇಳುವವಳು ನಾನೇ ಎಂಬುದು ನಿನಗೆ ನೆನಪಿರಲಿಲ್ಲವೇ? ತಂಗಿಯ ಮನಸ್ಸಿಗೆ ರೋಗ ಹತ್ತಿದೆ, ಸಾಲಿಯ ನೌಕರಿಗೆ ರಜೆ ಹಾಕಿಸಿ ಆಶ್ರಮಕ್ಕೆ ಕಳಿಸು ಎಂದು ನನ್ನ ಬಾಯಿಂದಲೇ ಓದಿಸಿದೆಯಲ್ಲೋ ಪುಣ್ಯಾತ್ಮಾ. ಅಂದಿನಿಂದ ಅವ್ವ ನನ್ನ ಮುಖ ನೋಡಿದರೆ ಸಾಕು, ಕಣ್ಣೀರು ತೆಗೆಯುತ್ತಾಳೆ. 'ಅಣ್ಣ ಕಲತಾಂವ, ಸುಳ್ಳ ಯಾಕ ಬರದಾನು? ಹೋಗಿ ಬಾರವಾ' ಎನ್ನುತ್ತಾಳೆ.

ನೀನು ಬರೆದು ಕಳಿಸಿದ ಸ್ವಾಧ್ಯಾಯ ಮಾಡಲಿಲ್ಲ ಎನ್ನಬೇಡ. ನಿಮ್ಮ ಆಶ್ರಮದ ಸ್ವಾಮಿಗಳೂ ಮನಸ್ಸಿನ ಡಾಕ್ಟರರೂ ಕೂಡಿ ಕಲಿಸಿದ ಪ್ರಕಾರ ಸಂಜೆ ಕಣ್ಣು ಮುಚ್ಚಿ ಕೂತೆ. ಎದೆಗೆ ಚುಚ್ಚುವ ವಿಚಾರವನ್ನು ಹಿಡಿದು, ಇದು ಖರೆಯೇ, ಇದಕ್ಕೆ ಸಾಕ್ಷಿ ಏನು ಎಂದು ಕೇಳಿದೆ. ನಾನು ಈ ಕೇರಿಯವಳೆಂದು ನಮ್ಮ ಸಾಲಿಯ ಹೆಡ್ ಅಕ್ಕೋರು ದೇವಕ್ಕ ನನ್ನ ಕೈ ಮುಟ್ಟುವುದಿಲ್ಲ ಎಂಬುದೇ ಆ ವಿಚಾರ. ಅದು ಬರೀ ಕಲ್ಪನೆ, ಪರೀಕ್ಷೆ ಮಾಡಿ ನೋಡು ಎಂದು ಬರೆದಿದ್ದೆಯಲ್ಲ, ನಿನ್ನೆ ನೋಡಿದೆ. ಹಬ್ಬದ ಬನ್ನಿ ಎಲೆ ಹಿಡಿದುಕೊಂಡು ಅವರ ಮನೆಗೆ ಹೋದೆ. ನನ್ನ ಮುಂದಿದ್ದವರಿಂದ ಎರಡೂ ಕೈಯೊಡ್ಡಿ ತೆಗೆದುಕೊಂಡು 'ಬಂಗಾರದ್ಹಂಗ ಇರೋಣು' ಎಂದರು. ನನ್ನ ಸರದಿ ಬಂದಾಗ ಕೈಗಳು ಸೆರಗಿನೊಳಗೆ ಹೋದವು. 'ಅಲ್ಲೇ ಕಟ್ಟಿ ಮ್ಯಾಲ ಇಡ್ರಿ, ಆಮ್ಯಾಲ ತಗೋತೇನಿ' ಎಂದರು, ನಗುತ್ತಲೇ. ಇಟ್ಟೆ. ಗೇಟಿನ ಹತ್ತಿರ ತಿರುಗಿ ನೋಡಿದರೆ ಯಾರದೋ ಆಡು ಬಂದು ಅದನ್ನು ಮೇಯುತ್ತಿತ್ತು. ಅಕ್ಕೋರು ನೋಡುತ್ತ ನಿಂತಿದ್ದರು, ಅಟ್ಟಲಿಲ್ಲ. ಈಗ ಹೇಳು, ರೋಗ ಯಾರ ಮನಸ್ಸಿಗೆ?

ನೀನೂ ಇದೇ ಕೇರಿಯಲ್ಲಿ ಹುಟ್ಟಿದವನು. ಹೋಟೆಲಿನ ಹೊರಗೆ ನಿಂತು ಒಡಕು ಬಶಿಯಲ್ಲಿ ಚಹಾ ಕುಡಿದವನು. ಅದೂ ಕಲ್ಪನೆಯೇ ಇತ್ತೇ? ನಿಮ್ಮ ಡಾಕ್ಟರರ ಮೇಲೆ ನನಗೆ ಸಿಟ್ಟಿಲ್ಲ, ಅವರು ನಮ್ಮ ಕೇರಿ ಕಂಡವರಲ್ಲ. ನೀನು ಕಂಡಿದ್ದೆ.

ಕೆಮ್ಮಿಗೆ ಶುಂಠಿ ಕಷಾಯ ಕುಡಿ. ಅವ್ವನ ಆಶೀರ್ವಾದ ನಿನಗಿದೆ, ನನ್ನದು ಈಗ ಬರೀ ಸಿಟ್ಟು.

ನಿನ್ನ ತಂಗಿ,
ಶೇವಂತೆವ್ವ

ತಾ.ಕ.: ಟಪಾಲಿನವ ಬರುವ ಹೊತ್ತಾಯಿತು. ನಿನ್ನ ವಿದ್ಯೆ ಪೂರ್ತಿ ಸುಳ್ಳಲ್ಲ. ಹುಡುಕುವಾಗ ಸುಳ್ಳು ವಿಚಾರವೂ ಒಂದು ಸಿಕ್ಕಿತು: ದೋಷ ನನ್ನಲ್ಲೇ ಇದೆ ಎಂಬುದು. ಎಷ್ಟು ಕೇಳಿದರೂ ಅದಕ್ಕೆ ಸಾಕ್ಷಿ ಬರಲಿಲ್ಲ. ಅವ್ವನ ಮಾತಿಗೆ ಬರೆದಿಟ್ಟಿದ್ದ ರಜೆಯ ಅರ್ಜಿ ಹರಿದು ಒಲೆಗೆ ಹಾಕಿದ್ದೇನೆ. ಸಾಲಿಯಲ್ಲಿ ಕುಡಿಯುವ ನೀರಿನ ಕೊಡ ಮುಟ್ಟಗೊಡದೆ ನನ್ನ ಬೊಗಸೆಗೆ ನೀರನ್ನು ಮೇಲಿನಿಂದ ಸುರಿಯುತ್ತಾರೆ. ಬರುವ ಸೋಮವಾರ ಸಾಲಿ ತೆರೆದಾಗ ಆ ಕೊಡದೊಳಗೆ ನಾನೇ ತಂಬಿಗೆ ಅದ್ದುತ್ತೇನೆ. ತಂಗಿಗೆ ರೋಗವಿಲ್ಲ, ತಪ್ಪು ನನ್ನದು ಎಂದು ನೀನು ಅವ್ವನಿಗೆ ಲಗೂ ಬರೆ. ಓದಿ ಹೇಳುವವಳು ನಾನೇ. ಗಟ್ಟಿಯಾಗಿ ಓದುತ್ತೇನೆ.